ಬಲಮಗ್ಗುಲಿನ ಹೆಸರು

ಬೈತಖೋಲದ ಬಂದರಿನಲ್ಲಿ ಬೋಟುಗಳಿಗೆ ರಜೆ.
ಹೊಟ್ಟೆ ಒಣಗಿಸಿಕೊಂಡು ದಿಮ್ಮಿಗಳ ಮೇಲೆ ಕೂತಿವೆ
ಆಗಸ್ಟ್ ಒಂದಕ್ಕೆ ಕಡಲು ಬಿಡುವ ತನಕ.
ನನಗೆ ಮಾತ್ರ ಸುಗ್ಗಿ.
ಇಪ್ಪತ್ತಾರು ವರ್ಷ ಬರೆದ ಹೆಸರುಗಳು:
ಜಲದೇವಿ, ಸೀ ಸ್ಟಾರ್, ಯಾ ಗೌಸ್, ಸಾಂತ ಆನ್ನ.
ಒಂದಕ್ಕೂ ಅರ್ಥ ಕೇಳಿದವನಲ್ಲ.
ಅಕ್ಷರಕ್ಕೆ ನಲವತ್ತು ರೂಪಾಯಿ, ನೆರಳು ಬಿಡಿಸಿದರೆ ಅರವತ್ತು.

ಸಿಲ್ವೆಸ್ತ್ರ ಬಂದ, ಇನಾಸನ ಮಗ,
ಪಾದ್ರಿಯಾಗಲು ಗೋವೆಗೆ ಹೋಗಿ
ಆರನೇ ವರ್ಷ, ಆಗದೆ, ಮರಳಿದವ.
ಯಾಕೆಂದು ಊರು ಕೇಳಿತು. ಅವನು ಹೇಳಲಿಲ್ಲ.
ಚೀಟಿ ಕೊಟ್ಟ: ಎಡಕ್ಕೆ ಕನ್ನಡದಲ್ಲಿ ಎಲೋಹೀಮ್,
ಬಲಕ್ಕೆ ಅದೇ ಶಬ್ದ, ಅದರದೇ ಲಿಪಿಯಲ್ಲಿ.
ಐದಕ್ಷರ. ಬಲದಿಂದ ಎಡಕ್ಕೆ ಹೋಗಬೇಕು.

ಕುಂಚ ಹಿಡಿದ ಮೇಲೆ ತಿಳಿಯಿತು:
ಕೆಳಗೆ ನಿಂತು ನೋಡುವವನಿಗೆ
ಬಲಮಗ್ಗುಲಲ್ಲಿ ಮೂತಿ ಬಲಕ್ಕೆ,
ಎಡಮಗ್ಗುಲಲ್ಲಿ ಎಡಕ್ಕೆ.
ಎರಡು ಬರಹವೂ ಮೂತಿಯಿಂದಲೇ ಹೊರಟು
ಚುಕ್ಕಾಣಿಯ ಕಡೆ ನಡೆದವು.

ಮೊದಲಕ್ಷರಕ್ಕೆ ಸದ್ದಿಲ್ಲವಂತೆ,
ಬಾಯಿ ತೆರೆಯುವ ಮುನ್ನ ಗಂಟಲಲ್ಲಿ ಒಂದು ತಡೆ, ಅಷ್ಟೆ.
ಸದ್ದಿಲ್ಲದ್ದಕ್ಕೂ ನಲವತ್ತೇ ಎಂದೆ. ನಕ್ಕ.

ಅರ್ಥ ಏನು?
ಎಲ್ ಅಂದರೆ ಬಲ, ಅಂತಾರೆ ಕೆಲವರು.
ಮುಂದೆ ನಿಂತವನು, ಅಂತ ಕೆಲವರು.
ನಿಜಕ್ಕೂ ಯಾರಿಗೂ ಗೊತ್ತಿಲ್ಲ, ವಿಠೋಬಮಾಮ.
ಇವರಿಗಿಂತ ಮೊದಲು ನೆರೆಯವರ
ಒಬ್ಬ ಗಡ್ಡದ ಮುದಿದೇವರ ಹೆಸರಾಗಿತ್ತು ಅದು.

ಅಂದರೆ ಕಡ ತಂದದ್ದೋ?
ಆಚೆಮನೆಯಿಂದ ಹೆಪ್ಪು ತಂದ ಹಾಗೆ?
ಅವನು ಏಣಿ ಹಿಡಿದುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ.
ಹೌದು, ಹೆಪ್ಪೇ. ಮೊಸರು ಅವರದು.

ಇನ್ನೊಂದಿದೆ, ಎಂದ.
ಕೊನೆಗೆ ಬರುವ ಈಮ್ ಅಂದರೆ ನಮ್ಮ ಗಳು.
ಹೆಸರು ಬಹುವಚನ, ಕ್ರಿಯಾಪದ ಏಕವಚನ.
ಅಷ್ಟು ಜನ ಸೇರಿ ಆಕಾಶ ಮಾಡಿದ. ಮಾಡಿದರು ಅಲ್ಲ.
ಇದರ ಮೇಲೆ ಎರಡು ಸಾವಿರ ವರ್ಷದ ಜಗಳ.

ಬಿರುಕಿಗೆ ಹತ್ತಿ ತುರುಕುತ್ತಿದ್ದ ಮಂಕಾಳಿ ತಾಂಡೇಲ
ತಲೆ ಹೊರಗೆ ಹಾಕಿದ:
ಒಬ್ಬನೋ ಹಲವರೋ ಬೇಗ ಹೇಳ್ರೋ,
ಇಳಿಸುವ ದಿನ ತೆಂಗಿನಕಾಯಿ ಎಷ್ಟು ತರಲಿ?

ನಾನು ನಗಲು ಹೋದೆ, ಆಗಲಿಲ್ಲ.
ಅಪ್ಪನ ದೋಣಿ ಅಂಜುದೀವದಾಚೆ ಮಗುಚಿದ ವರ್ಷ
ಅವ್ವ ಹೊಸ್ತಿಲ ಮೇಲೆ ಕೂತು ಹೇಳಿದ್ದು ಕೇಳಿಸಿತು:
ದೇವರು ಕೊಟ್ಟ, ದೇವರೇ ಒಯ್ದ.

ದೇವರು ಒಯ್ದ.
ಒಯ್ದರು ಅನ್ನಲಿಲ್ಲ ಅವ್ವ.
ಪಟೇಲರು ಬಂದರು, ಮಾಸ್ತರರು ಹೋದರು,
ಡಾಕ್ಟರು ಬೈದರು.
ದೇವರು ಮಾತ್ರ ಬಂದ, ಕೊಟ್ಟ, ಕಾಯ್ತಾನೆ, ನೋಡ್ತಾನೆ.
ಹೆಸರಿಗೆ ರು ಹಚ್ಚಿ ದೂರ ಕೂರಿಸಿ
ಕ್ರಿಯಾಪದದಲ್ಲಿ ಕೈ ಹಿಡಿದು ಎಳೆದುಕೊಳ್ಳುತ್ತೇವೆ.
ಸಾಲೆ ಕಾಣದ ಹೆಂಗಸು,
ಆ ವ್ಯಾಕರಣ ಅವಳ ಬಾಯಲ್ಲೇ ಇತ್ತು.

ಏಣಿಯ ಮೇಲಿಂದಲೇ ಹೇಳಿದೆ.
ಸಿಲ್ವೆಸ್ತ್ರ ಮೇಲೆ ನೋಡಿದ. ದೇವರಿದ್ದಾನೆ, ಎಂದ.
ನನಗಲ್ಲ, ಶಬ್ದ ರುಚಿ ನೋಡುವವನ ಹಾಗೆ.
ಮತ್ತೊಮ್ಮೆ: ದೇವರಿದ್ದಾನೆ.
ಆರು ವರ್ಷ ನನಗಿದನ್ನು ಯಾರೂ ಹೇಳಲಿಲ್ಲ.

ಕಾಯಿ ಒಂದೇ ತಂದರು, ದೊಡ್ಡದು.

ಈ ಬೇಸಿಗೆ ಬೋಟು ಮತ್ತೆ ಮೇಲೆ ಬಂದಿದೆ.
ಬಲಮಗ್ಗುಲಲ್ಲಿ ಬಲೆಯ ಹಗ್ಗ ಉಜ್ಜಿ
ಕೊನೆಯ ಎರಡಕ್ಷರ ಹೋಗಿವೆ.
ಅವೆರಡನ್ನೇ ಬಿಡಿಯಾಗಿ ಓದಿದರೆ
ಆ ಭಾಷೆಯಲ್ಲಿ ಕಡಲು, ಎಂದ ಸಿಲ್ವೆಸ್ತ್ರ.
ತನ್ನದನ್ನು ತಾನು ತಗೊಂಡಿದೆ, ಬಿಡಿ.
ಉಳಿದದ್ದು ಒಬ್ಬನೇ ದೇವರು, ಅದೂ ಸರಿಯಾದ ಶಬ್ದವೇ.

ಎಡಮಗ್ಗುಲಿಗೆ ಬಂದೆವು.
ಅಲ್ಲೂ ಹಿಂದಿನರ್ಧ ಅಳಿಸಿ,
ಉಪ್ಪು ಹಿಡಿದ ಹಲಗೆಯ ಮೇಲೆ, ನನ್ನದೇ ಕೈಬರಹದಲ್ಲಿ,
ದಡದಿಂದ ಯಾರೋ ಯಾರನ್ನೋ ಕರೆದ ಹಾಗೆ:
ಎಲೋ

ಬಣ್ಣ ಕಲಸಿಟ್ಟಿದ್ದೇನೆ.
ಇನ್ನೂ ಕುಂಚ ಅದ್ದಿಲ್ಲ.